ಯೊರ್ದನ್ ನದಿಗೆ ನೀರು ಕೊಟ್ಟ ಅಜ್ಜಿ

ಬೆಟ್ಟಗಳ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಲೋಕ ಆಗಷ್ಟೇ ಕಣ್ಣು ಬಿಟ್ಟಿತ್ತು.

ಹೆರ್ಮೋನ್ ಬೆಟ್ಟದ ಹಿಮದ ಮಡಿಲಿನಿಂದ ಯೊರ್ದನ್ ನದಿ ಮೊದಲ ಸಲ ಹೊರಟಳು. ದೂರದ ತಗ್ಗಿನಲ್ಲಿದ್ದ ಉಪ್ಪಿನ ಸಮುದ್ರ ಅವಳ ಅಜ್ಜ. ಸಂಜೆಯೊಳಗೆ ಅಜ್ಜನ ಮನೆ ಸೇರಬೇಕೆಂದು ಅವಳು ನೂಲು ಹಿಡಿದ ಹಾಗೆ ನೆಟ್ಟಗೆ ಓಡಿದಳು. ಜೊಂಡುಹುಲ್ಲು ಕರೆಯಿತು, ನಿಲ್ಲಲಿಲ್ಲ. ಕೊಕ್ಕರೆ ಕರೆಯಿತು, ನಿಲ್ಲಲಿಲ್ಲ. ಜೊತೆಗೆ ಬಂದ ಗಾಳಿಗೇ ಏದುಸಿರು ಬಂತು.

ಆ ಕಣಿವೆಯಲ್ಲಿ ಮಿಲ್ಕಾ ಎಂಬ ಅಜ್ಜಿಯ ಗುಡಾರವಿತ್ತು. ಹೊಂಡ ಬತ್ತಿ, ಅವಳ ಬಳಿ ಒಂದೇ ಬಟ್ಟಲು ನೀರು ಉಳಿದಿತ್ತು. ಅದನ್ನು ಆಗತಾನೇ ಈದ ಮೇಕೆಗೆಂದು ಎತ್ತಿಟ್ಟಿದ್ದಳು. ಮೇಕೆ ಕುಡಿಯದಿದ್ದರೆ ಮರಿಗೆ ಹಾಲಿಲ್ಲ, ಹಾಲಿಲ್ಲದಿದ್ದರೆ ಮರಿ ಉಳಿಯುವುದಿಲ್ಲ.

ಆದರೆ ಆ ನಾಡಿನ ಪದ್ಧತಿಯೇ ಬೇರೆ. ಗುಡಾರದ ಮುಂದೆ ಹಾದುಹೋಗುವವರಿಗೆ ನೀರು ಕೊಡದೆ ಕಳಿಸುವಂತಿಲ್ಲ. ಕುಡಿದವರೂ ಒಂದಿಷ್ಟು ಹೊತ್ತು ಕೂರದೆ ಹೊರಡುವಂತಿಲ್ಲ.

ಪಾಪ, ಮಿಲ್ಕಾ ಅಜ್ಜಿ ನದಿಯನ್ನೇ ಕಂಡವಳಲ್ಲ. ಧೂಳು ಮೆತ್ತಿಕೊಂಡು ಓಡಿಬರುತ್ತಿದ್ದ ಯೊರ್ದನ್ ನದಿಯನ್ನು ಯಾರೋ ದಾರಿಹೋಕ ಹುಡುಗಿ ಎಂದುಕೊಂಡಳು. ಮೇಕೆಯನ್ನು ನೋಡಿದಳು, ಬಟ್ಟಲನ್ನು ನೋಡಿದಳು. ಕೊನೆಗೆ ಬಟ್ಟಲನ್ನು ಹುಡುಗಿಯ ಮುಂದೆ ಹಿಡಿದಳು.

“ಕುಡಿ ಮಗಳೇ. ಎಷ್ಟು ದೂರದಿಂದ ಬಂದೆಯೋ, ಗಂಟಲು ಒಣಗಿರುತ್ತೆ.”

ಗಾಳಿ ಬಿದ್ದು ಬಿದ್ದು ನಕ್ಕಿತು. ಯೊರ್ದನ್ ನಗಲಿಲ್ಲ. ಬಟ್ಟಲನ್ನೇ ನೋಡುತ್ತಿದ್ದ ಮೇಕೆ ಅವಳ ಕಣ್ಣಿಗೆ ಬಿದ್ದಿತ್ತು. ಅವಳಿಗೆ ಅಳು ಬಂತು. ಆದರೂ ಅಜ್ಜಿಯ ಮನಸ್ಸು ನೋಯಬಾರದೆಂದು ಆ ನೀರು ಕುಡಿದಳು. ಕುಡಿದ ಮೇಲೆ ಕೂರಲೇಬೇಕಲ್ಲ, ಗುಡಾರವನ್ನು ಸುತ್ತಿಕೊಂಡು ಹಾಯಾಗಿ ಕೂತಳು.

ಮೇಕೆ ಅವಳಿಂದಲೇ ಹೊಟ್ಟೆ ತುಂಬ ನೀರು ಕುಡಿಯಿತು. ಮರಿ ಬಾಲ ಅಲ್ಲಾಡಿಸುತ್ತಾ ಹಾಲು ಕುಡಿಯಿತು. ತನ್ನ ಅತಿಥಿ ಯಾರೆಂದು ತಿಳಿದಾಗ ಅಜ್ಜಿಗೂ ನಗು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಆಚೆ ಗುಡಾರದವರು ನಮ್ಮಲ್ಲಿಗೂ ಬಾ ಎಂದರು. ಒಬ್ಬರ ಮನೆಯಲ್ಲಿ ಕೂತು ಇನ್ನೊಬ್ಬರ ಮನೆಗೆ ಹೋಗದಿದ್ದರೆ ಬೇಜಾರಾಗುವುದಿಲ್ಲವೇ? ಅಲ್ಲಿಗೂ ಹೋದಳು. ಆಮೇಲೆ ಈಚೆಗೆ, ಮತ್ತೆ ಆಚೆಗೆ. ಈ ಸಲ ಜೊಂಡುಹುಲ್ಲಿನ ಬಳಿಯೂ ಕೂತಳು, ಕೊಕ್ಕರೆಯ ಬಳಿಯೂ ಕೂತಳು. ಕೂತಲ್ಲೆಲ್ಲ ಹಸಿರೋ ಹಸಿರು.

ಅಜ್ಜನ ಮನೆ ಸೇರುವಾಗ ಬಹಳ ತಡವಾಗಿತ್ತು. ಮುಖ ಊದಿಸಿಕೊಂಡಿದ್ದ ಸಮುದ್ರ ಕಥೆಯನ್ನೆಲ್ಲ ಕೇಳಿ ಕರಗಿಹೋಯಿತು.

“ಎಲ್ಲರ ಮನೆಯಲ್ಲೂ ಕೂತು ಬಂದೆಯಲ್ಲ. ನನ್ನ ಮನೆಯಲ್ಲಿ ಕೂತ ಮೇಲೆ ಮಾತ್ರ ಏಳುವ ಹಾಗಿಲ್ಲ” ಎಂದು ಅವಳನ್ನು ತಬ್ಬಿಕೊಂಡಿತು. ಅವಳು ಅಲ್ಲಿಂದ ಮುಂದೆ ಹರಿಯಲೇ ಇಲ್ಲ.

ನಮ್ಮ ಬೈಬಲ್ಲಿನ ಕೊನೆಯ ಪುಟದ ನಕ್ಷೆಯಲ್ಲಿ ಯೊರ್ದನ್ ನದಿ ಅಂಕುಡೊಂಕಾಗಿದೆಯಲ್ಲ, ಅದು ಬರೆದವರ ಕೈ ನಡುಗಿದ್ದಲ್ಲ ಕಂದಾ, ಒಂದೊಂದು ತಿರುವಿನಲ್ಲೂ ಯಾರೋ ಅವಳನ್ನು ಮನೆಗೆ ಕರೆದಿದ್ದರು.