ಇಪ್ಪತ್ತೆಂಟು ತಪ್ಪಾದ ದಿನ

ಮಲಪ್ರಭೆಯ ದಂಡೆಯ ಆಶ್ರಮದಲ್ಲಿ ನೀಲಗಂಗವ್ವ ಎಂಬ ಗುರು ಇದ್ದರು. ಚಿಕ್ಕ ಮಕ್ಕಳಿಗೆ ಲೆಕ್ಕ ಕಲಿಸುವವರನ್ನು ತಯಾರು ಮಾಡುವುದು ಅವರ ಕೆಲಸ. ಅವರು ಹೂಂ ಅನ್ನದೆ ಯಾರಿಗೂ ಮಾಸ್ತರಿಕೆ ಸಿಗುತ್ತಿರಲಿಲ್ಲ.

ಶಿಷ್ಯ ಕಲ್ಮೇಶನಿಗೆ ಅದೊಂದು ಹೂಂ ಬೇಕಿತ್ತು. ಗಣಿತದಲ್ಲಿ ಚಿನ್ನದ ಪದಕ ಪಡೆದವನು. ಪದಕ ಮನೆಯಲ್ಲಿತ್ತು, ಅದರ ಗತ್ತು ಮಾತ್ರ ಜೊತೆಗೇ ಬಂದಿತ್ತು.

ಒಂದು ಬೆಳಿಗ್ಗೆ ಅವನು ಕಳೆಯುವ ಲೆಕ್ಕ ಕಲಿಸಿ, ಹನ್ನೆರಡು ಮಕ್ಕಳ ಪಾಟಿ ತಿದ್ದಿ, ಎದೆಯುಬ್ಬಿಸಿಕೊಂಡು ಬಂದ.

"ಅಕ್ಕೋರ, ಹನ್ನೊಂದು ಮಂದಿದು ಸರಿ ಐತ್ರಿ. ರುದ್ರವ್ವ ಅನ್ನೋ ಹುಡುಗಿದಷ್ಟ ಎಲ್ಲಾ ತಪ್ಪು. ಆಕಿ ಪಾಠದ ಕಡೆ ಲಕ್ಷ್ಯನ ಕೊಡಂಗಿಲ್ರಿ."

ನೀಲಗಂಗವ್ವ ಆ ಪಾಟಿ ನೋಡಿದರು. ಐವತ್ತೆರಡರಲ್ಲಿ ಮೂವತ್ತೆಂಟು ಹೋದರೆ ಇಪ್ಪತ್ತಾರು ಎಂದಿತ್ತು. ಅದರ ಕೆಳಗೆ ಹೊಸ ಲೆಕ್ಕ ಬರೆದರು: ಎಪ್ಪತ್ತಮೂರರಲ್ಲಿ ನಲವತ್ತೈದು ಕಳೆ.

"ಇದನ್ನ ಆಕಿ ಮಾಡಿದಂಗ ಮಾಡು."

ಕಲ್ಮೇಶ ಕಣ್ಣು ಮಿಟುಕಿಸುವಷ್ಟರಲ್ಲಿ ಇಪ್ಪತ್ತೆಂಟು ಎಂದು ಬರೆದ.

"ತಪ್ಪು," ಎಂದರು ನೀಲಗಂಗವ್ವ.

"ಸರಿ ಐತಲ್ರಿ!"

"ಅದಕ್ಕ ತಪ್ಪು. ರುದ್ರವ್ವ ಹಂಗ ಬರಿಯಂಗಿಲ್ಲ."

ಪದಕ ಪಡೆದವನು ಜನ್ಮದಲ್ಲಿ ಮೊದಲ ಬಾರಿಗೆ ಬೇಕೆಂದೇ ತಪ್ಪು ಮಾಡಲು ಕುಳಿತ. ಇಪ್ಪತ್ತೊಂಬತ್ತು ಎಂದ. ಅಲ್ಲ. ಹತ್ತೊಂಬತ್ತು ಎಂದ. ಅಲ್ಲ. ಸಿಟ್ಟಿಗೆದ್ದು ಐನೂರು ಎಂದ.

"ಆಕಿ ಹುಚ್ಚಿ ಅಲ್ಲಪಾ," ಎಂದರು ಗುರು.

ಊಟದ ಗಂಟೆಯೂ ಹೊಡೆಯಿತು. ಕಲ್ಮೇಶ ಮರ್ಯಾದೆ ಬದಿಗಿಟ್ಟು ಹೊಳೆಯ ಮೆಟ್ಟಿಲಿಗೆ ಹೋದ. ಅಲ್ಲಿದ್ದ ರುದ್ರವ್ವನ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಪಾಟಿ ಕೊಟ್ಟ.

ಆಕೆ ಮೂವತ್ತೆರಡು ಎಂದು ಬರೆದಳು.

"ಹೆಂಗ ಬಂತವ್ವಾ?"

"ಐದರಾಗ ಮೂರು ಹೋದ್ರ ಎರಡು. ಏಳರಾಗ ನಾಕು ಹೋದ್ರ ಮೂರು."

"ಐದು ಕೆಳಗ ಐತಲ್ಲ! ಮ್ಯಾಲಿನ ಮೂರರಾಗ ಕೆಳಗಿನ ಐದು ಕಳೀಬೇಕು."

"ಯಾವಾಗ್ಲೂ ದೊಡ್ಡದರಾಗ ಸಣ್ಣದು ಕಳೀರಿ ಅಂತ ಮುಂಜಾನೆ ನೀವ ಹೇಳಿದ್ರಲ್ರಿ, ಮಾಸ್ತರ."

ಕಲ್ಮೇಶನಿಗೆ ನಾಚಿಕೆಯಾಯಿತು. ಹೇಳಿದ್ದು ನಿಜ. ಅದೂ ಮೂರು ಸಲ, ಬಾಯಿಪಾಠ ಮಾಡಿಸಿ.

ಪಾಟಿ ಹಿಡಿದುಕೊಂಡು ಗುರುವಿನ ಮುಂದೆ ಬಂದು ನಿಂತ. ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ.

"ಹಂಗಾದ್ರ ನಾ ಮಾಸ್ತರ ಆಗಂಗಿಲ್ಲೇನ್ರಿ, ಅಕ್ಕೋರ?"

"ಆಗ್ತೀಯಪಾ, ತಪ್ಪು ಹೆಂಗ ಬಂತು ಅಂತ ಆಕಿನ್ನ ಕೇಳಾಕ ಹೋದಿಯಲ್ಲ. ನಿನ್ನ ಪುಣ್ಯ, ಉಳಿದ ಹನ್ನೊಂದು ಮಂದಿ ನಿನ್ನ ಪಾಠಕ್ಕ ಲಕ್ಷ್ಯ ಕೊಡದನ, ಹುಣಸಿ ಬೀಜ ಎಣಿಸಿ ಲೆಕ್ಕ ಮಾಡ್ಯಾರ."