ಅರಿಶಿನ ಬಟ್ಟೆ ಕಟ್ಟಿದ ಸೋರೆಕಾಯಿ

"ಬುದ್ಧಿ, ಎಂಥ ಕಟ್ಟಳೆ ಮಾಡಿಕೊಂಡರೆ ನಮ್ಮಲ್ಲಿ ಜಗಳ ಬರುವುದಿಲ್ಲ?" ಎಂದು ಶಿವನಂಜ ತನ್ನ ಗುರುಗಳನ್ನು ಕೇಳಿದನು.

ಅವನೂ ಅವನ ಗೆಳೆಯರೂ ಸೇರಿ ಐದು ಸಂಸಾರಗಳು ಊರಾಚೆ ಒಂದು ತುಂಡು ನೆಲ ಹಿಡಿದಿದ್ದವು. ಒಂದೇ ಬಾವಿ, ಒಂದೇ ತರಕಾರಿ ತೋಟ, ಒಂದೇ ಅಡುಗೆಮನೆ. ಉಪ್ಪೊಂದನ್ನು ಬಿಟ್ಟು ಬೇರೇನನ್ನೂ ಅಂಗಡಿಯಿಂದ ತರಬಾರದು, ಯಾರ ಹಂಗೂ ಇರಬಾರದು ಎಂಬುದು ಅವರ ಆಸೆ. ಬರುವ ಸೋಮವಾರ ಗುದ್ದಲಿ ಪೂಜೆ. ಯಾವ ಪಾತಿಯಲ್ಲಿ ಯಾವ ಸೊಪ್ಪು, ಹಸು ಎಲ್ಲಿ ಕಟ್ಟುವುದು, ಯಾರ ಮನೆ ಎಲ್ಲಿ ಎಂದು ಶಿವನಂಜ ಒಂದೊಂದಾಗಿ ಹೇಳಿದನು. ಬಾವಿಯ ಪಕ್ಕದ ಮನೆ ತನಗಿರಲಿ ಎಂದು ಎಲ್ಲರಿಗೂ ಮೊದಲೇ ಹೇಳಿಟ್ಟಿರುವುದನ್ನೂ ತಿಳಿಸಿದನು. ಅವನ ತಾಯಿಗೆ ಮಂಡಿನೋವು, ದೂರದಿಂದ ನೀರು ಹೊರಲು ಆಗದು.

ಗುರುಗಳು ಕಣ್ಣುಮುಚ್ಚಿ ಎಲ್ಲವನ್ನೂ ಕೇಳಿದರು. "ಕಟ್ಟಳೆಗೇನು, ಬೇಕಾದಷ್ಟು ಸಿಗುತ್ತವೆ. ಮೊದಲು ಈ ಕತೆ ಕೇಳಪ್ಪ" ಎಂದು ಹೇಳತೊಡಗಿದರು.

ಒಬ್ಬ ರೈತನಿಗೆ ಮೂವರು ಗಂಡುಮಕ್ಕಳು, ಮೂವರು ಸೊಸೆಯರು. ಹಿರಿಯ ಸೊಸೆಯ ತವರಿನಲ್ಲಿ ಕೊತ್ತಂಬರಿ ಕಡ್ಡಿಯೂ ಸಂತೆಯಿಂದಲೇ ಬರಬೇಕಿತ್ತು. ಅದನ್ನು ಕಂಡು ಬೇಸತ್ತು ಬೆಳೆದವಳು ಅವಳು. ಗಂಡನ ಮನೆಯ ಹಿತ್ತಲು ನೋಡಿದ ದಿನವೇ ಅವಳಿಗೊಂದು ಆಸೆ ಹುಟ್ಟಿತು. ಉಣ್ಣುವ ತರಕಾರಿಯೆಲ್ಲ ಇಲ್ಲೇ ಬೆಳೆಯಬೇಕು, ಎಲ್ಲರೂ ಒಂದೇ ಒಲೆಯಲ್ಲಿ ಬೆಂದದ್ದನ್ನು ಉಣ್ಣಬೇಕು, ಸಂತೆಯ ಕಾಯಿ ಈ ಹೊಸಿಲು ದಾಟಬಾರದು. ಮೈದುನರು ನಕ್ಕರು. "ಅತ್ತಿಗೆ, ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಇನ್ನು ಊಟವಾದೀತೇ?" ಎಂದು ಛೇಡಿಸಿದರು. ಅವಳು ಬಿಡಲಿಲ್ಲ. ವಾರಗಿತ್ತಿಯರಿಬ್ಬರನ್ನೂ ಒಲಿಸಿಕೊಂಡು, ಮುಳ್ಳು ಸವರಿ, ಗೊಬ್ಬರ ಹೊತ್ತು, ಚಪ್ಪರ ಹಾಕಿ ಸೋರೆ ಹಬ್ಬಿಸಿದಳು. ಮೊದಲ ವರ್ಷ ಆ ಮನೆಯವರು ಸಂತೆಯ ಕಡೆ ತಲೆ ಹಾಕಲಿಲ್ಲ. ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಬೀಜದ ಕೆಲಸ ಮಾತ್ರ ಅತ್ತೆಯದು. ಪ್ರತಿ ಬಳ್ಳಿಯಲ್ಲೂ ಚೆನ್ನಾಗಿರುವ ಒಂದೇ ಒಂದು ಕಾಯಿ ಆರಿಸಿ, ಅದರ ತೊಟ್ಟಿಗೆ ಅರಿಶಿನದಲ್ಲಿ ಅದ್ದಿದ ಬಟ್ಟೆಚೂರು ಕಟ್ಟುತ್ತಿದ್ದಳು. ಕಟ್ಟಿದ ಕಾಯಿ ಬೀಜಕ್ಕೆ. ಹಸಿವೇ ಆಗಲಿ, ನೆಂಟರೇ ಬರಲಿ, ಅದನ್ನು ಯಾರೂ ಮುಟ್ಟುವಂತಿಲ್ಲ. ಕದಿಯಲು ಬಂದವರು ಕೂಡ ಅದನ್ನು ಬಿಟ್ಟು ಹೋಗುತ್ತಿದ್ದರು.

ಎರಡನೆಯ ವರ್ಷ ಬಳ್ಳಿ ಹೂ ಬಿಡುವ ಹೊತ್ತಿಗೆ ಅತ್ತೆ ತನ್ನ ಮಗಳ ಬಾಣಂತನಕ್ಕೆಂದು ಅವಳ ಊರಿಗೆ ಹೊರಟಳು. "ಬೀಜದ ಕಾಯಿಗೆ ಬಟ್ಟೆ ಕಟ್ಟುವುದನ್ನು ಮರೆಯಬೇಡಿ" ಎಂದಷ್ಟೇ ಹೇಳಿ ಗಾಡಿ ಹತ್ತಿದಳು. ಯಾರು ಕಟ್ಟಬೇಕು ಎಂದು ಹೇಳಲಿಲ್ಲ. ಅದುವರೆಗೆ ಆ ಪ್ರಶ್ನೆಯೇ ಎದ್ದಿರಲಿಲ್ಲ.

ಹಿರಿಯ ಸೊಸೆ ಬಳ್ಳಿಗೊಂದರಂತೆ ಕಟ್ಟಿದಳು. ಕೆಲವು ದಿನ ಬಿಟ್ಟು ನೋಡಿದರೆ ಇನ್ನೊಂದು ಕಾಯಿಗೂ ಬಟ್ಟೆ! ನಡುವಿನ ಸೊಸೆಯ ಅಣ್ಣ ಬರುವವನಿದ್ದನು. ಅವನು ಬರುವವರೆಗೆ ಒಂದು ಕಾಯಿ ಉಳಿದಿರಲಿ ಎಂದು ಅವಳು ಕಟ್ಟಿದ್ದಳು. ಪಾಪ, ತಪ್ಪೇನು? ಕಿರಿಯ ಸೊಸೆ ಅದನ್ನು ಕಂಡಳು. ಅವಳ ಮಗುವಿಗೆ ಆಗತಾನೆ ಜ್ವರ ಬಿಟ್ಟಿತ್ತು, ಬಾಯಿಗೆ ಏನೂ ರುಚಿಸುತ್ತಿರಲಿಲ್ಲ. ಅದಕ್ಕೊಂದು ಎಳೆಕಾಯಿ ಇರಲಿ ಎಂದು ಅವಳೂ ಕಟ್ಟಿದಳು. ಅದರಲ್ಲಾದರೂ ತಪ್ಪೇನು?

ಹಿರಿಯವಳಿಗೆ ಸಿಟ್ಟು ಬಂತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತಲ್ಲ ಎಂದುಕೊಂಡಳು. ಆದರೆ ಬಾಯಿಬಿಟ್ಟು ಹೇಳಲು ಹೆದರಿದಳು. ಮಾತಿಗೆ ಮಾತು ಬೆಳೆದರೆ ಒಲೆ ಮೂರಾದೀತು, ತನ್ನ ಆಸೆ ಮಣ್ಣುಪಾಲಾದೀತು. ಬೆಳಗ್ಗೆ ಎಲ್ಲರಿಗಿಂತ ಮೊದಲೆದ್ದು ತಾನೂ ಎರಡು ಕಾಯಿಗೆ ಬಟ್ಟೆ ಕಟ್ಟಿ ಬಂದಳು. ಮನೆಗಾಗಿಯೇ ಕಟ್ಟಿದ್ದೇನೆ, ಇಲ್ಲದಿದ್ದರೆ ಇವರಿಬ್ಬರೂ ಒಂದನ್ನೂ ಉಳಿಸುವವರಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

ಆಮೇಲೆ ಕೇಳಬೇಕೇ? ಬಟ್ಟೆ ಸೋರೆಯಿಂದ ಹೀರೆಗೆ ಹೋಯಿತು, ಹೀರೆಯಿಂದ ಬದನೆಗೆ, ಬೆಂಡೆಗೆ ಇಳಿಯಿತು. ಕಟ್ಟಿದವರು ಬಿಚ್ಚಲೂ ಇಲ್ಲ. ಮೊದಲು ಅವರದು ಕೊಯ್ಯಲಿ, ಆಮೇಲೆ ನನ್ನದು ಎಂದು ಮೂವರೂ ಕಾದರು. ಅಣ್ಣ ಬಂದು ಉಪ್ಪಿನಕಾಯಿಯಲ್ಲಿ ಉಂಡು ಹೋದನು. ಮಗುವಿಗೆ ಗಂಜಿಯೇ ಗತಿಯಾಯಿತು. ಕಾಯಿಗಳು ಮಾತ್ರ ಬಳ್ಳಿಯಲ್ಲೇ ಬಲಿತವು. ಮೈತುಂಬ ಬಲಿತ ಕಾಯಿ ಹೊತ್ತ ಬಳ್ಳಿ ಹೊಸ ಕಾಯಿ ಬಿಡುವುದಿಲ್ಲ. ಚಪ್ಪರದ ತುಂಬ ಕಾಯಿ ತೂಗುತ್ತಿತ್ತು, ಒಳಗೆ ಮನೆಮಂದಿಯೆಲ್ಲ ದಿನವೂ ಹುರುಳಿಕಟ್ಟಿನ ಸಾರು ಸುರಿದುಕೊಂಡು ಮುಖ ಮುಖ ನೋಡುತ್ತಿದ್ದರು.

ಅತ್ತೆ ಬರುವ ಸುದ್ದಿ ಬಂತು. ಬಂದವಳಿಗೆ ಬಡಿಸುವುದಕ್ಕೆ ಒಂದು ಕಾಯಿಯಿಲ್ಲ. ಹಿರಿಯ ಸೊಸೆ ಸೆರಗು ಮುಚ್ಚಿಕೊಂಡು ಸಂತೆಗೆ ಹೋಗಿ ಒಂದು ಸೋರೆಕಾಯಿ ತಂದಳು. ಮರಳಿ ಬರುವಾಗ ಅತ್ತೆ ಹೊಸಿಲಿನಲ್ಲೇ ನಿಂತಿದ್ದಳು. ಸೊಸೆಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅತ್ತೆ ಕಂಕುಳಿನ ಕಾಯಿಯನ್ನು ನೋಡಿದಳು. ಹಿತ್ತಲಿಗೆ ಹೋಗಿ ಚಪ್ಪರವನ್ನೂ ನೋಡಿದಳು.

"ಉಣ್ಣುವ ಕಾಯಿಯನ್ನೆಲ್ಲ ಯಾರಾದರೂ ಕದ್ದರೇನೇ?"

"ಇಲ್ಲ ಅತ್ತೆಮ್ಮ. ಬಟ್ಟೆ ಕಟ್ಟಿದ್ದನ್ನು ಯಾರೂ ಮುಟ್ಟಲಿಲ್ಲ. ನೀವು ಹೇಳಿದ ಹಾಗೆಯೇ ನಡೆದೆವು" ಎಂದು ಸೊಸೆ ಬಿಕ್ಕಿ ಬಿಕ್ಕಿ ಅತ್ತಳು.

ಅತ್ತೆ ಒಂದು ಕಾಯಿಯನ್ನು ಅಲುಗಾಡಿಸಿದಳು. ಒಳಗೆ ಬೀಜ ಗಲಗಲ ಎಂದಿತು. "ಒಳ್ಳೆಯದಾಯಿತು, ಬೀಜಕ್ಕೇನೂ ಬರವಿಲ್ಲ. ನಡಿ, ಆ ಸಂತೆಕಾಯಿ ಹೆಚ್ಚು" ಎಂದಳು.

ಮರುವರ್ಷ ಅದೇ ಹಿತ್ತಲ ನಡುವೆ ಬೇಲಿಗಳೆದ್ದವು. ಮೂರು ಒಲೆಗಳು ಹೊತ್ತಿದವು. ಬಿತ್ತುವ ಬೀಜ ಮಾತ್ರ ಮೂವರಿಗೂ ಸಾಕಾಗಿ ಮಿಗುವಷ್ಟಿತ್ತು.

ಕತೆ ಮುಗಿಯಿತು. ಶಿವನಂಜನಿಗೆ ಹಿರಿಯ ಸೊಸೆಯ ಮೇಲೆ ಮರುಕ ಹುಟ್ಟಿತು, ಉಳಿದವರ ಮೇಲೆ ಕೋಪವೂ ಬಂತು.

"ಛೆ, ಎಂಥ ಜನ ಬುದ್ಧಿ! ನಮ್ಮವರು ಹಾಗಲ್ಲ. ಎಲ್ಲರಿಗೂ ಸೇರಿದ್ದರಲ್ಲಿ ತನಗೆಂದು ಎತ್ತಿಟ್ಟುಕೊಳ್ಳುವವರು ನಮ್ಮ ಐವರಲ್ಲಿ ಒಬ್ಬರೂ ಇಲ್ಲ" ಎಂದನು.

ಗುರುಗಳು ಕೇಳಿದರು: "ಹಾಗಾದರೆ ಆ ಬಾವಿಯ ಪಕ್ಕದ ಮನೆಗೆ ಬಟ್ಟೆ ಕಟ್ಟಿ ಬಂದವರು ಯಾರಪ್ಪ?"