ಗೀಜಗನ ತೂಗುಸೇತುವೆ

ಕೆರೆಯಂಚಿನ ಜಾಲಿಮರದಲ್ಲಿ ಹೊನ್ನಗರಿ ಎಂಬ ಗೀಜಗ ತನ್ನ ಬಳಗದೊಡನೆ ಕಾಡಿನವರಿಗಾಗಿ ಆಟಗಳನ್ನು ಹೆಣೆಯುತ್ತಿತ್ತು. ಒಮ್ಮೆ ಅವರೆಲ್ಲ ಸೇರಿ ಹುಲ್ಲಿನ ಸುರಂಗವೊಂದನ್ನು ನೇಯ್ದರು. ಒಳಹೊಕ್ಕವರು ದಾರಿ ತಪ್ಪಿ, ತಡಕಾಡಿ, ಕೊನೆಗೆ ಹೊರಬಂದು ಕೇಕೆ ಹಾಕುತ್ತಿದ್ದರು. ಆಡಲು ಕಾಡಿಗೆ ಕಾಡೇ ಮುಗಿಬಿತ್ತು. ಆಡಿದವರು ತಂದುಕೊಟ್ಟ ಕಾಳಿನಿಂದ ಮರದ ಪೊಟರೆ ತುಂಬಿತು.

ಕಾಳಿನ ಉಸ್ತುವಾರಿ ನೋಡುತ್ತಿದ್ದ ಗಿಳಿ ಹೇಳಿತು: “ಇನ್ನು ಮುಂದೆ ಇದನ್ನೇ ನೇಯಿರಿ. ಬೇಕಾದರೆ ಸ್ವಲ್ಪ ಉದ್ದ ಮಾಡಿ.”

ಅವರು ಹಾಗೆಯೇ ಮಾಡಿದರು. ಕಾಳು ಬರುತ್ತಲೇ ಇತ್ತು. ಆದರೆ ಒಂದು ದಿನ ಅಳಿಲೊಂದು ಹೊಸ ಸುರಂಗದೊಳಗೆ ಹೊಕ್ಕು, ಆಕಳಿಸುತ್ತ ಹೊರಬಂದದ್ದನ್ನು ಹೊನ್ನಗರಿ ಕಂಡಿತು. ಅದರ ಮನಸ್ಸು ಚುರುಕ್ಕೆಂದಿತು.

“ಸುರಂಗ ಸಾಕು. ನೀರಿನ ಮೇಲೆ ತೂಗುವ ಸೇತುವೆ ಹೆಣೆಯೋಣ. ಇಬ್ಬರು ಎದುರುಬದುರು ಬಂದು, ಬೀಳದೆ ಒಬ್ಬರನ್ನೊಬ್ಬರು ದಾಟಬೇಕು,” ಎಂದಿತು.

ಗಿಳಿಗೆ ಗಾಬರಿಯಾಯಿತು. “ಯಾರೂ ಆಡದಿದ್ದರೆ?”

“ಹಸಿದಿದ್ದಾಗಲೇ ಹೆದರದೆ ಸುರಂಗ ನೇಯ್ದವರು ನಾವು. ಹೊಟ್ಟೆ ತುಂಬಿದ ಮೇಲೆ ಹೆದರುವುದೇ?”

ಸೇತುವೆ ಸಿದ್ಧವಾಯಿತು. ಮೊದಮೊದಲು ಎಲ್ಲರೂ ದೂರದಿಂದಲೇ ನೋಡಿ ಹೋದರು. ಕಡೆಗೆ ಅದೇ ಅಳಿಲು ಒಂದು ತುದಿಯಿಂದ, ಓತಿಕ್ಯಾತ ಇನ್ನೊಂದು ತುದಿಯಿಂದ ಹತ್ತಿದವು. ನಡುವೆ ಢಿಕ್ಕಿ ಹೊಡೆದು ಎರಡೂ ನೀರಿಗೆ ಬಿದ್ದವು. ದಡಕ್ಕೆ ಬಂದು ಮೈ ಕೊಡವಿಕೊಂಡ ಅಳಿಲು ಕೂಗಿತು: “ನನಗಿನ್ನೂ ಬರುತ್ತಿಲ್ಲ! ಇನ್ನೊಮ್ಮೆ ಹತ್ತಲು ಬಿಡಿ!”

ಆ ಕೂಗು ಕೇಳಿ ದಂಡೆಯಲ್ಲಿ ಸಾಲು ಬೆಳೆಯತೊಡಗಿತು. ಹೊನ್ನಗರಿ ಎದೆಯುಬ್ಬಿಸಿ ಬಳಗದ ಕಡೆಗೆ ತಿರುಗಿತು. “ಕೇಳಿದಿರಾ? ಇದು ನಾವು ಮಾಡಿದ್ದು.”